ಹುಳಿಗೆ ಹುಲಿ ಬರೆದ ಹುಡುಗಿ

ನಮ್ಮ ಶಾಲೆಯ ಕನ್ನಡ ಮಾಸ್ತರರು ಮೊನ್ನೆ ಸ್ಟಾಫ್ ರೂಮಿನಲ್ಲಿ ಒಂದು ನೋಟ್‌ಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು. ಎಂಟನೇ ತರಗತಿಯ ಉಕ್ತಲೇಖನ. 'ಅಜ್ಜಿ ಹುಳಿ ಮಜ್ಜಿಗೆ ಕುಡಿದಳು' ಎಂಬ ವಾಕ್ಯವನ್ನು ಒಬ್ಬ ಹುಡುಗಿ 'ಅಜ್ಜಿ ಹುಲಿ ಮಜ್ಜಿಗೆ ಕುಡಿದಳು' ಎಂದು ಬರೆದಿದ್ದಳು. ಕೆಳಗೆ 'ಹಳ್ಳಿಯ ಬೆಳೆ' ಎಂಬುದು 'ಹಲ್ಲಿಯ ಬೆಲೆ' ಆಗಿತ್ತು.

"ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ರೀ ಟೀಚರ್. ಹಲ್ಲಿಗೆ ಎಷ್ಟು ರೇಟ್ ಅಂತ ಒಬ್ಬ ಕೇಳಿದ. ಆ ಹುಡುಗಿ ಮುಖ ಎತ್ತಲೇ ಇಲ್ಲ" ಎಂದರು. ಒಳ್ಳೆಯ ಮನುಷ್ಯ. ನಗಿಸುವುದಕ್ಕೆ ತೋರಿಸಲಿಲ್ಲ, ಏನು ಮಾಡುವುದೆಂದು ಕೇಳಲು ತೋರಿಸಿದರು. ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಮ್ಮ ಮನೆಗಳಲ್ಲಿ ಮಾತಾಡುವ ಉರ್ದುವಿನಲ್ಲಿ 'ಳ' ಇಲ್ಲ, 'ಣ' ಇಲ್ಲ. ಇದು ದಡ್ಡತನವಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬೀಳದ ಧ್ವನಿಯನ್ನು ಕಿವಿ ಬೇರೆಯಾಗಿ ಗುರುತಿಸುವುದಿಲ್ಲ. ತನಗೆ ಗೊತ್ತಿರುವ ಹತ್ತಿರದ ಧ್ವನಿಯನ್ನೇ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಹುಳಿ ಹುಲಿಯಾಗುತ್ತದೆ, ಹುಣಸೆ ಹುನಸೆಯಾಗುತ್ತದೆ. ಕನ್ನಡದಲ್ಲಿ 'ಎ'ಗೂ 'ಏ'ಗೂ, 'ಒ'ಗೂ 'ಓ'ಗೂ ಇರುವ ಅಂತರ ಉರ್ದುವಿನಲ್ಲಿ ಹಾಗೆ ಇಲ್ಲ. ಅದರಿಂದ 'ಕೊಡು' ಎಂದು ಬರೆಯಬೇಕಾದಲ್ಲಿ ನಮ್ಮ ಮಕ್ಕಳು 'ಕೋಡು' ಬರೆಯುತ್ತಾರೆ. ಮಾಸ್ತರರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ, ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ.

ನನಗೆ ಸೋಜಿಗವೆನಿಸುವುದು ಇನ್ನೊಂದು. ಅದೇ ತರಗತಿಯಲ್ಲಿ ಹಾಜರಿ ಕರೆಯುವಾಗ ಫಾತಿಮಾ 'ಪಾತಿಮಾ' ಆಗುತ್ತಾಳೆ, ಝುಬೈದಾ 'ಜುಬೇದಾ' ಆಗುತ್ತಾಳೆ. ಕನ್ನಡದ ನಾಲಿಗೆಗೆ ಆ ಧ್ವನಿಗಳಿಲ್ಲ, ಅಷ್ಟೇ. ಅದಕ್ಕೆ ಯಾರೂ ನಗುವುದಿಲ್ಲ. ಫಾತಿಮಾ ಕೂಡ 'ಎಸ್ ಸರ್' ಎಂದು ಕುಳಿತುಕೊಳ್ಳುತ್ತಾಳೆ. ಇದನ್ನು ನಾನು ಕನ್ನಡ ಮಾಸ್ತರರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನೀವು ನನಗ ಫಾ ಅನ್ನೂದು ಕಲಸ್ರಿ, ನಾ ಅವರಿಗೆ ಳ ಕಲಸ್ತೀನಿ" ಎಂದರು. ಈಗ ಹಾಜರಿ ಕರೆಯುವಾಗ ಕೆಳತುಟಿಯನ್ನು ಹಲ್ಲಿಗೆ ಒತ್ತಿ 'ಫಾತಿಮಾ' ಎನ್ನುತ್ತಾರೆ. ಅದಕ್ಕೂ ಕ್ಲಾಸು ನಗುತ್ತದೆ. ಆದರೆ ಈ ನಗುವಿನಲ್ಲಿ ಫಾತಿಮಾಳೂ ಸೇರಿಕೊಳ್ಳುತ್ತಾಳೆ.

ವರ್ಗಾವಣೆಯ ಪುಣ್ಯದಿಂದ ನಾನು ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ನೀರು ಕುಡಿದಿದ್ದೇನೆ. ಹಿರೇಕೆರೂರು, ಹಾನಗಲ್ಲು, ಸವಣೂರು, ಈಗ ಶಿಗ್ಗಾಂವಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಊರಿಂದ ಊರಿಗೆ ಮಕ್ಕಳು ಶಾಲೆ ತಪ್ಪಿಸುವ ಕಾರಣಗಳು ಬೇರೆ ಬೇರೆ. ಹಿರೇಕೆರೂರು ಕಡೆ ಬೀಜದ ಹತ್ತಿಯ ಹೊಲದಲ್ಲಿ ಕ್ರಾಸಿಂಗ್ ಶುರುವಾದರೆ ಬೆಂಚುಗಳು ಖಾಲಿ. ಸಣ್ಣ ಬೆರಳುಗಳು ಹೂವಿನ ಕೆಲಸಕ್ಕೆ ಅನುಕೂಲವಂತೆ! ಹಾನಗಲ್ಲಿನಲ್ಲಿ ಭತ್ತದ ನಾಟಿ. ಸವಣೂರಿನಲ್ಲಿ ವೀಳ್ಯದೆಲೆ ಎಣಿಸಿ ಕಟ್ಟುವ ಕೆಲಸ. ಬ್ಯಾಡಗಿ ಮಾರುಕಟ್ಟೆಗೆ ಹತ್ತಿರದ ಊರುಗಳಲ್ಲಾದರೆ ಮೆಣಸಿನಕಾಯಿ ತೊಟ್ಟು ಬಿಡಿಸುವುದು. ಆ ಮಕ್ಕಳು ಬರೆಯುವಾಗ ಕಣ್ಣು ಒರೆಸಿಕೊಂಡರೆ ಬೆರಳಿನ ಖಾರ ಕಣ್ಣಿಗೆ ಹತ್ತಿ ಅಳುತ್ತವೆ. ಇವೆಲ್ಲ ಎಲ್ಲ ಬಡವರ ಮಕ್ಕಳ ಕಷ್ಟ. ಇದರಲ್ಲಿ ಹಿಂದೂ ಮುಸ್ಲಿಮ್ ಎಂಬುದಿಲ್ಲ.

ಆದರೆ ನಾಲ್ಕೂ ಕಡೆ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಎದುರಾಗುವ ಒಂದು ಹೊಸ್ತಿಲನ್ನು ಕಂಡಿದ್ದೇನೆ. ಅದು ಏಳನೆಯ ತರಗತಿಗೂ ಎಂಟನೆಯ ತರಗತಿಗೂ ನಡುವೆ ಇದೆ. ಮನೆಯ ಹತ್ತಿರ ಸರಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆ ಇರುತ್ತದೆ. ಮಗು ಅಲ್ಲಿ ಏಳರವರೆಗೆ ನಗುನಗುತ್ತಾ ಓದುತ್ತದೆ. ಆಮೇಲೆ ಅನೇಕ ಊರುಗಳಲ್ಲಿ ಕೈಗೆಟುಕುವ ಪ್ರೌಢಶಾಲೆ ಎಂದರೆ ಕನ್ನಡ ಮಾಧ್ಯಮದ್ದು. ಉರ್ದು ಶಾಲೆಯಲ್ಲೂ ಕನ್ನಡ ಒಂದು ವಿಷಯವಾಗಿ ಇದ್ದೇ ಇದೆ, ಇಲ್ಲವೆಂದಲ್ಲ. ಆದರೆ ಕನ್ನಡವನ್ನು ಓದುವುದು ಬೇರೆ, ಕನ್ನಡದಲ್ಲಿ ಗಣಿತ, ವಿಜ್ಞಾನ, ಸಮಾಜವನ್ನು ಓದುವುದು ಬೇರೆ.

ಉದಾಹರಣೆಗೆ ನೋಡಿ. ಏಳನೆಯ ತರಗತಿಯವರೆಗೆ ಅವಳಿಗೆ ಗೊತ್ತಿದ್ದದ್ದು 'ಮುಸಲ್ಲಸ್'. ಎಂಟನೆಯ ತರಗತಿಯಲ್ಲಿ ಅದು ತ್ರಿಭುಜ. 'ದಾಯಿರಾ' ಹೋಗಿ ವೃತ್ತ ಬಂತು, 'ಝಾವಿಯಾ' ಹೋಗಿ ಕೋನ, 'ಕಸರ್' ಹೋಗಿ ಭಿನ್ನರಾಶಿ, 'ರಖ್ಬಾ' ಹೋಗಿ ವಿಸ್ತೀರ್ಣ. ವಿಜ್ಞಾನದಲ್ಲಿ ಎಲೆಗಳು ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಗೆ ಉರ್ದುವಿನಲ್ಲಿ 'ಝಿಯಾಯೀ ತಾಲೀಫ್' ಎಂದು ಬಾಯಿಪಾಠ ಮಾಡಿದ್ದಳು. ಈಗ ಅದು 'ದ್ಯುತಿಸಂಶ್ಲೇಷಣೆ'. ನಿಜ ಹೇಳಬೇಕೆಂದರೆ ಆ ಪದ ಪಕ್ಕದ ಬೆಂಚಿನ ಕನ್ನಡದ ಹುಡುಗಿಗೂ ಕಬ್ಬಿಣದ ಕಡಲೆಯೇ. ಆದರೆ ಅವಳಿಗೆ ಅದೊಂದೇ ಕಡಲೆ. ನಮ್ಮವಳಿಗೆ ಇಡೀ ಬುಟ್ಟಿ.

ಎರಡು ದಿನ ಗೈರುಹಾಜರಾಗಿ ಮೂರನೆಯ ದಿನ ಬಂದ ಆ ಹುಡುಗಿಯ ಗಣಿತದ ಕಿರುಪರೀಕ್ಷೆಯ ಹಾಳೆ ನನ್ನ ಬಳಿ ಇತ್ತು. ಲೆಕ್ಕಗಳನ್ನೆಲ್ಲ ಮಾಡಿದ್ದಾಳೆ. ವಾಕ್ಯದಲ್ಲಿ ಕೊಟ್ಟ ಸಮಸ್ಯೆಗಳು ಮಾತ್ರ ಪೂರ್ತಿ ಖಾಲಿ. ಮಧ್ಯಾಹ್ನ ಊಟ ಮುಗಿದ ಮೇಲೆ ಅವಳನ್ನು ಕರೆದು ಅದರಲ್ಲಿ ಒಂದನ್ನು ಓದಿಸಿದೆ. 'ಒಂದು ತ್ರಿಭುಜದ ಪಾದ 8 ಸೆಂ.ಮೀ. ಮತ್ತು ಎತ್ತರ 5 ಸೆಂ.ಮೀ. ಆದರೆ ಅದರ ವಿಸ್ತೀರ್ಣವೆಷ್ಟು?' ತಡವರಿಸುತ್ತಾ ಓದಿದಳು. ಅರ್ಥವಾಯಿತೇ ಎಂದರೆ ತಲೆ ತಗ್ಗಿಸಿದಳು. ಅದನ್ನೇ ನಾನು ನಮ್ಮ ಮಾತಿನಲ್ಲಿ ಹೇಳಿದೆ. ಮುಸಲ್ಲಸ್‌ನ ಖಾಯಿದಾ 8, ಊಂಚಾಯಿ 5, ರಖ್ಬಾ... ನನ್ನ ವಾಕ್ಯ ಮುಗಿಯುವುದಕ್ಕೆ ಮೊದಲೇ "ಬೀಸ್" ಎಂದಳು. ಇಪ್ಪತ್ತು. ಕಾಗದ ಪೆನ್ನು ಮುಟ್ಟಲಿಲ್ಲ.

ಈ ಹುಡುಗಿಯ ಬಗ್ಗೆ ಶಾಲೆಯಲ್ಲಿ ಕೆಲವರು "ಅದು ಏನೂ ತಲೆಗೆ ಹೋಗದ ಕೂಸು" ಎಂದು ತೀರ್ಮಾನಿಸಿದ್ದರು. ಮನೆಯಲ್ಲಿಯೂ ಅದೇ ತೀರ್ಮಾನವಾಗಿತ್ತು ಎಂದು ಆಮೇಲೆ ತಿಳಿಯಿತು.

ಆ ಸಂಜೆಯೇ ಅವಳ ಮನೆಗೆ ಹೋದೆ. ತಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಮಗ್ರಿಬ್ ನಮಾಝ್ ಮುಗಿಸಿ ಆಗಷ್ಟೇ ಬಂದಿದ್ದರು. ತಾಯಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಚಹಾಕ್ಕಿಟ್ಟರು. ಮಾತಿಗೆ ಮಾತು ಬಂದು, ತಂದೆ ನೇರವಾಗಿ ಹೇಳಿಬಿಟ್ಟರು. "ಆಪಾ, ಇವಳ ಟಿ.ಸಿ. ತರಬೇಕೆಂದು ಮಾಡಿದ್ದೇನೆ. ಉರ್ದು ಶಾಲೆಯಲ್ಲಿ ಫಸ್ಟ್ ಬರುತ್ತಿದ್ದಳು. ದೊಡ್ಡ ಶಾಲೆಗೆ ಹೋದ ಮೇಲೆ ಮನಸ್ಸು ಓದಿನಲ್ಲಿಲ್ಲ. ಫೇಲಾಗಿ ನಾಲ್ಕು ಜನರೆದುರು ಮರ್ಯಾದೆ ಹೋಗುವುದಕ್ಕಿಂತ ಮನೆಯಲ್ಲಿ ಹೊಲಿಗೆ ಕಲಿಯಲಿ."

ತಾಯಿ ಏನೂ ಹೇಳಲಿಲ್ಲ. ಅವರು ಐದನೆಯ ತರಗತಿಗೆ ಬಿಟ್ಟವರಂತೆ. "ನಮ್ಮ ಖಾನ್‌ದಾನಿನಲ್ಲಿ ಹೆಣ್ಣುಮಕ್ಕಳಿಗೆ ಓದು ಹತ್ತುವುದಿಲ್ಲ" ಎಂದು ದಾದಿ ಮೂಲೆಯಿಂದ ಹೇಳಿದರು. ಸಹೋದರಿಯರೇ, ಈ ಮಾತನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಒಂದೇ ಮನೆಯಲ್ಲಿ ಮೂರು ತಲೆಮಾರು ಒಂದೇ ಹೊಸ್ತಿಲಲ್ಲಿ ಎಡವಿದರೆ ನಾವು ಹೊಸ್ತಿಲನ್ನು ನೋಡುವುದಿಲ್ಲ, ಕಾಲನ್ನು ದೂರುತ್ತೇವೆ.

ನಾನು ಉಪದೇಶ ಮಾಡಲು ಹೋಗಲಿಲ್ಲ. ಗ್ಯಾರೇಜಿನವರಿಗೆ ಉಪದೇಶ ಕೇಳಲು ಸಮಯವಿಲ್ಲ. ಮಗಳನ್ನು ಕರೆದು ಅವಳ ತಂದೆಯ ಎದುರಿಗೇ ನಾಲ್ಕು ಲೆಕ್ಕ ಕೇಳಿದೆ, ಉರ್ದುವಿನಲ್ಲಿ. ನಾಲ್ಕಕ್ಕೂ ಉತ್ತರ ಬಂತು. ಅದೇ ನಾಲ್ಕನ್ನು ಕನ್ನಡ ಪುಸ್ತಕದಿಂದ ಓದಿ ಕೇಳಿದೆ. ಒಂದಕ್ಕೂ ಬರಲಿಲ್ಲ. "ಈಗ ಹೇಳಿ ಭಾಯಿ, ಗಾಡಿಯ ಇಂಜಿನ್ ಕೆಟ್ಟಿದೆಯೋ, ಅಥವಾ ಪೆಟ್ರೋಲ್ ಹೋಗುವ ಪೈಪ್ ಕಟ್ಟಿದೆಯೋ?" ಎಂದೆ. ಅವರು ಮೊದಲ ಬಾರಿಗೆ ನಕ್ಕರು. "ಇಂಜಿನ್ ಸರಿ ಇದೆ" ಎಂದರು. ಟಿ.ಸಿ. ಮಾತನ್ನು ಮಾರ್ಚ್‌ವರೆಗೆ ಮುಂದಕ್ಕೆ ಹಾಕಿದರು. ಒಪ್ಪಿದರು ಎನ್ನಲಾರೆ.

ಶಿಕ್ಷಣ ಹಕ್ಕು ಕಾಯಿದೆ 2010ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಅದರ ರಕ್ಷಣೆ ಆರರಿಂದ ಹದಿನಾಲ್ಕು ವರ್ಷದವರೆಗೆ. ಎಂಟನೆಯ ತರಗತಿಯ ಹೆಣ್ಣುಮಗು ಹದಿಮೂರು-ಹದಿನಾಲ್ಕರಲ್ಲಿರುತ್ತಾಳೆ. ಅಂದರೆ ಅವಳು ಅತ್ಯಂತ ಹೆಚ್ಚು ಎಡವುವ ಹೊತ್ತಿಗೇ ಕಾಯಿದೆ ಕೈಬಿಡುತ್ತದೆ. ಆಮೇಲೆ ಉಳಿಯುವುದು ತಾಯಿಯ ಹಟ ಮಾತ್ರ. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸರಕಾರ ಸೈಕಲ್ ಕೊಡಲು ಆರಂಭಿಸಿದಾಗ ಅನೇಕ ಹೆಣ್ಣುಮಕ್ಕಳು ಹಳ್ಳಿಯಿಂದ ಪ್ರೌಢಶಾಲೆಯ ಊರಿಗೆ ದಾಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಉರ್ದುವಿನಿಂದ ಕನ್ನಡಕ್ಕೆ ದಾಟಿಸುವ ಸೈಕಲ್ಲನ್ನು ಮಾತ್ರ ಯಾರೂ ಕೊಡಲಿಲ್ಲ.

ಹಾಗಂತ ಉರ್ದು ಶಾಲೆಯೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಉರ್ದು ಮಾಧ್ಯಮದಲ್ಲಿ ಕಲಿಯುವ ಮಕ್ಕಳು ಗಣನೀಯವಾಗಿರುವುದು ಕರ್ನಾಟಕ, ಮಹಾರಾಷ್ಟ್ರದಂತಹ ಕೆಲವೇ ರಾಜ್ಯಗಳಲ್ಲಿ ಎಂದು 2006ರ ಸಾಚಾರ್ ಸಮಿತಿಯ ವರದಿಯಿಂದ ತಿಳಿಯುತ್ತದೆ. ಉತ್ತರದಲ್ಲಿ ಉರ್ದುವಿನ ತವರು ಎನ್ನುವ ಊರುಗಳಲ್ಲೇ ಮಕ್ಕಳಿಗೆ ಉರ್ದು ಶಾಲೆ ಸಿಗುವುದು ಕಷ್ಟ. ಇದ್ದದ್ದನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಮಗು ಮೊದಲ ಪಾಠವನ್ನು ತಾಯಿಯ ಮಾತಿನಲ್ಲಿ ಕಲಿತರೆ ಗಟ್ಟಿಯಾಗುತ್ತದೆ. ಈ ಹುಡುಗಿ ಬಾಯಲ್ಲೇ 'ಬೀಸ್' ಎಂದದ್ದು ಅದರಿಂದಲೇ.

ನಮ್ಮ ಮಕ್ಕಳ ಮೇಲಿರುವ ಹೊರೆಯನ್ನು ಹೊರಗಿನವರು ಅಷ್ಟಾಗಿ ಅರಿಯರು. ಫಜ್ರ್ ನಂತರ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅಲಿಫ್, ಬೇ. ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಅ, ಆ. ಮುಂದೆ ಎ, ಬಿ, ಸಿ. ಆಮೇಲೆ ಹಿಂದಿ. ಹಾನಗಲ್ಲಿನಲ್ಲಿದ್ದಾಗ ಒಬ್ಬ ಪುಟ್ಟ ಹುಡುಗ ಕನ್ನಡದ ನೋಟ್‌ಬುಕ್ಕನ್ನು ಹಿಂದಿನ ಪುಟದಿಂದ ಆರಂಭಿಸಿ ಬರೆಯುತ್ತಿದ್ದ. ಎಷ್ಟು ಹೇಳಿದರೂ ಕೇಳಲಿಲ್ಲ. ಅವನ ಲೆಕ್ಕದಲ್ಲಿ ಪುಸ್ತಕದ ಮುಖವೇ ಅದು! ನಾಲ್ಕು ಲಿಪಿಗಳನ್ನು ಹೊರುವ ಮಗುವನ್ನು ಒಂದು ಅಕ್ಷರ ತಪ್ಪಿತೆಂದು ದಡ್ಡನೆನ್ನುವವರಿಗೆ ಏನು ಹೇಳೋಣ?

ಇನ್ನು ಆ ಹುಡುಗಿಯ ತಾಯಿಯ ವಿಷಯ. "ನನಗೆ ಕನ್ನಡ ಬರುವುದಿಲ್ಲ ಆಪಾ, ನಾನು ಹೇಗೆ ಹೇಳಿಕೊಡಲಿ?" ಎಂದರು. ಅಷ್ಟರಲ್ಲಿ ಬಾಗಿಲಿಗೆ ಪಕ್ಕದ ಮನೆಯವರು ರವಿಕೆ ಹೊಲಿಸಲು ಬಂದರು. "ತೋಳು ಗಿಡ್ಡ ಆಗ್ಯಾವಂತ ಹ್ವಾದ ಸಲಾ ಹೇಳಿದ್ರಲ್ರೀ, ಈ ಸಲಾ ಎರಡು ಬಟ್ಟು ಬಿಟ್ಟೀನಿ ನೋಡ್ರಿ" ಎಂದು ಈಕೆ ಪಟಪಟನೆ ಹೇಳಿದರು. ಕನ್ನಡ ಬರುವುದಿಲ್ಲವಂತೆ! ನಮ್ಮ ಹೆಂಗಸರು ಸಂತೆಯಲ್ಲಿ ಚೌಕಾಸಿ ಮಾಡುವುದು ಕನ್ನಡದಲ್ಲಿ, ಹೊಲದಲ್ಲಿ ಮಾತಾಡುವುದು ಕನ್ನಡದಲ್ಲಿ, ದವಾಖಾನೆಯಲ್ಲಿ ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ. ಬಾರದಿರುವುದು ಅಕ್ಷರ ಮಾತ್ರ.

ಮಾತಷ್ಟೇ ಅಲ್ಲ, ನಮ್ಮ ದಖನಿ ಉರ್ದುವಿನ ಒಳಗೇ ಕನ್ನಡ ಕುಳಿತಿದೆ. ಇದನ್ನು ಒಂದು ದಿನ ಬೋರ್ಡಿನ ಮೇಲೆ ಬರೆದು ತೋರಿಸಿದೆ. 'ಅಬ್ಬಾ ಕಲ್ ಆತೂಂ ಬೋಲ್‌ಕೆ ಬೋಲೆ.' ಕೆಳಗೆ, 'ಅಪ್ಪ ನಾಳೆ ಬರ್ತೀನಿ ಅಂತ ಹೇಳಿದರು.' ಪದಕ್ಕೆ ಪದ ಹೊಂದುತ್ತದೆ. ಆತೂಂ ಎಂದರೆ ಬರ್ತೀನಿ, ಬೋಲ್‌ಕೆ ಎಂದರೆ ಅಂತ, ಬೋಲೆ ಎಂದರೆ ಹೇಳಿದರು. ದಿಲ್ಲಿ, ಲಕ್ನೋದವರ ಉರ್ದು ಹೀಗಿಲ್ಲ. ಅವರು 'ಹೇಳಿದರು' ಎಂಬುದನ್ನು ಮೊದಲಿಟ್ಟು, 'ಕಿ' ಸೇರಿಸಿ, ಏನು ಹೇಳಿದರೆಂಬುದನ್ನು ಆಮೇಲೆ ಹೇಳುತ್ತಾರೆ. ಹಾಗೆಯೇ ನಾವು 'ಉನೋ ಕಲ್ ಆತೈಂ ಕತೆ' ಎನ್ನುತ್ತೇವಲ್ಲ, ಆ 'ಕತೆ' ಕನ್ನಡದ 'ಬರ್ತಾರಂತೆ' ಎಂಬುದರ 'ಅಂತೆ'ಯೇ. ನೂರಾರು ವರ್ಷ ಒಂದೇ ಬಾವಿಯ ನೀರು ಸೇದಿದವರ ಮಾತು ಹೀಗಲ್ಲದೆ ಇನ್ನು ಹೇಗಿರುತ್ತದೆ? ದಖನಿಯನ್ನು 'ಟೂಟಿ ಫೂಟಿ ಉರ್ದು' ಎಂದು ಹೀಗಳೆಯುವ ನಮ್ಮವರೇ ಇದ್ದಾರೆ. ನನಗಂತೂ ಆ ಮುರುಕು ಉರ್ದುವೇ ಕನ್ನಡದ ಕಡೆಗಿರುವ ಮರದ ಸೇತುವೆ ಎನಿಸುತ್ತದೆ.

ಸೇತುವೆ ಆ ಕಡೆಯಿಂದಲೂ ಇದೆ. ಅದೇ ದಿನ ಕನ್ನಡದ ಮಕ್ಕಳಿಗೆ, ನಿಮ್ಮ ಶಾಲೆಯೊಳಗೆ ಎಷ್ಟು ಅರಬಿ, ಪಾರಸಿ ಪದಗಳಿವೆ ಹೇಳಿ ಎಂದೆ. ಒಂದೂ ಇಲ್ಲ ಎಂದರು. ನಾನು ಬರೆಯುತ್ತಾ ಹೋದೆ. ಹಾಜರಿ, ಗೈರುಹಾಜರಿ, ಶಾಯಿ, ಕಾಗದ, ಖುರ್ಚಿ, ಅರ್ಜಿ, ದಾಖಲೆ, ಬಾಕಿ, ಖಾಲಿ, ತಾಲೂಕು, ಜಿಲ್ಲೆ. ಕೊನೆಯ ಬೆಂಚಿನ ನಮ್ಮ ಹುಡುಗಿ ತಾನಾಗಿಯೇ ಕೈ ಎತ್ತಿ "ವಕೀಲ" ಎಂದಳು. ಆ ತರಗತಿಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು. ಸವಣೂರಿನ ಪ್ರಸಿದ್ಧ ಬಾವೋಬಾಬ್ ಮರಗಳ ಮಾತೂ ಬಂತು. ಆಫ್ರಿಕಾ ಮೂಲದ ಆ ಭಾರೀ ಮರಗಳನ್ನು ಕನ್ನಡದವರು 'ದೊಡ್ಡ ಹುಣಸೆ' ಎಂದು ಕರೆದರು. ಉತ್ತರದವರು 'ಗೋರಖ್ ಇಮ್ಲಿ' ಎಂದರು. ಇಮ್ಲಿ ಎಂದರೂ ಹುಣಸೆಯೇ. ಹೊರಗಿನಿಂದ ಬಂದ ಮರಕ್ಕೆ ಇಬ್ಬರೂ ತಮ್ಮ ಅಡಿಗೆಮನೆಯ ಹೆಸರನ್ನೇ ಇಟ್ಟರು.

ನಮ್ಮ ಈ ತಾಲೂಕುಗಳು ಕನ್ನಡದಲ್ಲಿ ಬಡವೇನಲ್ಲ. ಸರ್ವಜ್ಞನ ಅಬಲೂರು ಹಿರೇಕೆರೂರು ಕಡೆಯದು. ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುವಿನಹಾಳ ಎರಡೂ ಶಿಗ್ಗಾಂವಿ ತಾಲೂಕಿನವು. 1819ರಲ್ಲಿ ಹುಟ್ಟಿದ ಶರೀಫರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು ಎಂಬುದನ್ನು ಅವರ ಹಾಡು ಹಾಡುವವರೂ ಮರೆತುಬಿಡುತ್ತಾರೆ. ಅವರ ವಿಚಾರಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇಮಾಮ್ ಸಾಹೇಬರ ಮಗ ಕನ್ನಡದ ಪಾಟಿ ಹಿಡಿದು ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ಇದೇ ಸೀಮೆಯಲ್ಲಿ. ಅಂದ ಮೇಲೆ ಅವರದೇ ತಾಲೂಕಿನ ಹುಡುಗಿ ಕನ್ನಡಕ್ಕೆ ಹೆದರಿ ಟಿ.ಸಿ. ತೆಗೆದುಕೊಂಡು ಹೋಗುವುದು ನನಗೆ ಸಹಿಸಲಾಗದ ಸಂಗತಿ.

ಸವಣೂರು ನವಾಬರ ಊರು. ಜ್ಞಾನಪೀಠ ಪಡೆದ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲಿಯೇ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದಕ್ಕಾಗಿ ಚಳವಳಿಯಾಯಿತು. ಉರ್ದು ಏನಾದೀತೆಂದು ನಮ್ಮ ಹಿರಿಯರು ಆತಂಕಪಟ್ಟು ವಿರೋಧಿಸಿದರು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಭಾವನೆ. ಆದರೆ ಎರಡೂ ಕಡೆ ಮೆರವಣಿಗೆ ಹೋದವರು ದೊಡ್ಡವರು. ಏಳರಿಂದ ಎಂಟಕ್ಕೆ ದಾಟುವ ಹುಡುಗಿಗೆ ಮುಸಲ್ಲಸ್ ಎಂದರೆ ತ್ರಿಭುಜ ಎಂದು ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಆಗಲೂ ಏಳಲಿಲ್ಲ, ಈಗಲೂ ಏಳುವುದು ಅಪರೂಪ.

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಬಾಲ್ಯದ ಸಂಗತಿಯನ್ನು ನಾನು ನಮ್ಮ ಹುಡುಗಿಯರಿಗೆ ಹೇಳುತ್ತಿರುತ್ತೇನೆ. ಅವರ ಮನೆಮಾತೂ ಉರ್ದುವೇ. ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಮಿಶನರಿ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ. ಆ ಮಗು ಕೆಲವೇ ದಿನಗಳಲ್ಲಿ ಬರೆಯಲು ಆರಂಭಿಸಿತು. ಎಲ್ಲ ಮಕ್ಕಳೂ ಬಾನು ಮುಷ್ತಾಕ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಉರ್ದು ಮನೆಯ ಹುಡುಗಿಗೆ ಕನ್ನಡ ಹತ್ತುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಇದು ಸಾಕು.

ನಮ್ಮ ದೀನ್ ಕೂಡ ಇದಕ್ಕೆ ಅಡ್ಡಿಯಲ್ಲ. ಭಾಷೆಗಳ ವೈವಿಧ್ಯವನ್ನು ಕುರ್‌ಆನ್ ಅರ್‌ರೂಮ್ ಅಧ್ಯಾಯದಲ್ಲಿ ಅಲ್ಲಾಹನ ನಿದರ್ಶನಗಳಲ್ಲಿ ಒಂದಾಗಿ ಎಣಿಸುತ್ತದೆ. ಪ್ರವಾದಿ(ಸ)ರು ಯುವಕರಾಗಿದ್ದ ಹ. ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹವನ್ನು ಕಲಿಯಲು ಹೇಳಿದಾಗ ಅವರು ಅರ್ಧ ತಿಂಗಳಲ್ಲಿ ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಅರಬಿಯ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗಲಿಲ್ಲ. ವಹೀ ಬರೆದುಕೊಳ್ಳುತ್ತಿದ್ದವರೂ, ಮುಂದೆ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಹೊತ್ತವರೂ ಅವರೇ.

ಏಳನೆಯ ತರಗತಿ ಎಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಎಂಟನೆಯ ತರಗತಿ ಆರಂಭವಾಗುವುದು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ. ಮಧ್ಯೆ ಆರೇಳು ವಾರ. ಶಾಲೆ ಆರಂಭವಾದ ಮೇಲೆ ಸರಕಾರದ 'ಸೇತುಬಂಧ' ಎಂಬ ಕಾರ್ಯಕ್ರಮ ಇದೆ, ಹಿಂದಿನ ವರ್ಷದ ಪಾಠಗಳನ್ನು ಮತ್ತೊಮ್ಮೆ ಗಟ್ಟಿ ಮಾಡಿಸುವುದಕ್ಕೆ. ಭಾಷೆ ಬದಲಾಯಿಸಿ ಬಂದವಳಿಗೆ ಅದು ಸಾಲದು. ಆ ಆರೇಳು ವಾರಗಳಲ್ಲಿ ನಮ್ಮ ಮನೆಗಳಲ್ಲಿ ಮದುವೆ, ನೆಂಟರು, ಉಪ್ಪಿನಕಾಯಿ, ಸಂಡಿಗೆ ಎಲ್ಲವೂ ಇರುತ್ತದೆ. ಅದರ ನಡುವೆ ದಿನಕ್ಕೆ ಅರ್ಧ ಗಂಟೆ ಸಾಕು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಸಾಲು ಗೆರೆ ಎಳೆಯಿರಿ. ಏಳನೆಯ ತರಗತಿಯ ಉರ್ದು ಗಣಿತ ಪುಸ್ತಕದ ಪದ ಒಂದು ಕಡೆ, ಅದೇ ತರಗತಿಯ ಕನ್ನಡ ಪುಸ್ತಕದ ಪದ ನಡುವೆ, ಇಂಗ್ಲಿಷಿನದು ಕೊನೆಗೆ. ಮುಸಲ್ಲಸ್, ತ್ರಿಭುಜ, ಟ್ರಯಾಂಗಲ್. ಪಾಠಗಳು ಎರಡರಲ್ಲೂ ಒಂದೇ, ಚಿತ್ರಗಳೂ ಒಂದೇ, ಆದ್ದರಿಂದ ಹುಡುಕುವುದು ಕಷ್ಟವಲ್ಲ. ಕನ್ನಡ ಪುಸ್ತಕವನ್ನು ಪಕ್ಕದ ಮನೆಯ ಹುಡುಗಿಯಿಂದ ಕೇಳಿ ತನ್ನಿ. ಕೇಳಲು ಹೋದ ನೆಪದಲ್ಲಿ ಗೆಳೆತನವೂ ಆಗುತ್ತದೆ. ತಾಯಿಗೆ ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ, ಸಂಜೆ ಅಡಿಗೆ ಮಾಡುತ್ತಾ "ದಾಯಿರಾಗೆ ಏನಂತಾರೆ?" ಎಂದು ಕೇಳಿದರೆ ಸಾಕು. 'ಳ' ಮತ್ತು 'ಣ'ಕ್ಕೆ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗಳಕ್ಕೆ ತಾಗಿಸಬೇಕು. ಮಕ್ಕಳಿಗೆ ಇದು ಆಟ. ತಜ್ವೀದ್ ಕಲಿಯುವಾಗ ಪ್ರತಿ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡುತ್ತದೆಂದು ಶ್ರದ್ಧೆಯಿಂದ ಕಲಿತ ನಾಲಿಗೆಗೆ ಇದು ಹೊಸ ವಿದ್ಯೆಯೇನಲ್ಲ.

ಕನ್ನಡ ಮಾಧ್ಯಮಕ್ಕೆ ಹೋದರೆ ಉರ್ದು ಹೋಗಿಬಿಡುತ್ತದೆ ಎಂಬ ಭಯವೂ ಬೇಡ. ಪ್ರೌಢಶಾಲೆಯ ಮೂರನೆಯ ಭಾಷೆಯ ಪಟ್ಟಿಯಲ್ಲಿ ಉರ್ದು ಇದೆ, ಅರಬಿಯೂ ಇದೆ. ಶಿಕ್ಷಕರಿಲ್ಲ ಎಂಬ ಉತ್ತರ ಬರಬಹುದು. ಕೇಳುವವರು ಯಾರೂ ಇಲ್ಲದಿದ್ದರೆ ಶಿಕ್ಷಕರು ಬರುವುದಾದರೂ ಹೇಗೆ? ಎಸ್‌ಡಿಎಂಸಿ ಸಭೆಗೆ ನಮ್ಮ ತಾಯಂದಿರು ಹೋಗುವುದು ಬಹಳ ಕಡಿಮೆ. ಹೋದರೂ ಹಿಂದೆ ಕುಳಿತು ಸಹಿ ಮಾಡಿ ಬರುತ್ತಾರೆ.

ಈ ತಾಪತ್ರಯವೇ ಬೇಡವೆಂದು ನನ್ನ ನಾದಿನಿ ಹುಬ್ಬಳ್ಳಿಯಲ್ಲಿ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಾಳೆ. ಹುಡುಗ ಚುರುಕು, ಅವನ ಮೇಲೆ ನನಗೆ ಪ್ರೀತಿಯೇ. ಈದ್‌ಗೆ ಬಂದಾಗ ನಮ್ಮ ಅತ್ತೆ ಈ ಪತ್ರಿಕೆಯನ್ನು ಅವನ ಕೈಗೆ ಕೊಟ್ಟು ಓದಲು ಹೇಳಿದರು. ಅತ್ತೆ ಸವಣೂರಿನ ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತವರು. ಕನ್ನಡ ಅಕ್ಷರ ಬಾರದು, ಕೇಳಿದರೆ ಎಲ್ಲವೂ ಅರ್ಥವಾಗುತ್ತದೆ. ಪ್ರತಿ ತಿಂಗಳು ಪತ್ರಿಕೆ ಬಂದರೆ ನಾನೋ ನನ್ನ ಮಗಳೋ ಗಟ್ಟಿಯಾಗಿ ಓದಬೇಕು. ಆ ಹುಡುಗ ಅರ್ಧ ಪುಟಕ್ಕೆ ಸುಸ್ತಾದ. ಹಾಗಾದರೆ ಉರ್ದು ಪುಸ್ತಕ ಓದು ಎಂದರು. ಅದೂ ಬರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಪತ್ರಿಕೆಯನ್ನು ಮಡಿಸಿ ದಿಂಬಿನ ಕೆಳಗಿಟ್ಟು, "ಇವನು ನನಗೆ ಕಾಗದ ಬರೆದರೆ ಯಾರ ಹತ್ತಿರ ಓದಿಸಲಿ?" ಎಂದರು. ನಾದಿನಿಗೆ ಇಷ್ಟವಾಗಲಿಲ್ಲ. ಈ ಅಂಕಣವನ್ನೂ ಅವಳು ಓದುತ್ತಾಳೆ, ಓದಲಿ.

ನಮ್ಮ ಹುಡುಗಿ ಮಾರ್ಚ್ ದಾಟಿದಳು. ಕನ್ನಡ ಮಾಸ್ತರರು ಅವಳನ್ನು ಎರಡನೆಯ ಬೆಂಚಿಗೆ ಕರೆತಂದು, ಹಲ್ಲಿಯ ಬೆಲೆ ಕೇಳಿದ್ದ ಅದೇ ಹುಡುಗನಿಗೆ ಗಣಿತ ಹೇಳಿಕೊಡುವ ಕೆಲಸ ಹಚ್ಚಿದರು. ಅವನಿಗೆ ಭಿನ್ನರಾಶಿ ತಲೆಗೆ ಹೋಗುತ್ತಿರಲಿಲ್ಲ. ಅವಳು ಕನ್ನಡದಲ್ಲಿ ವಿವರಿಸಲೇಬೇಕಾಯಿತು. ಮೊದಮೊದಲು 'ಕಸರ್' ಎಂದುಬಿಡುತ್ತಿದ್ದಳು. ಈಗ ಅವನೂ 'ಕಸರ್' ಎನ್ನುತ್ತಾನೆ. ಗಣಿತದಲ್ಲಿ ತರಗತಿಗೆ ಮೂರನೆಯವಳಾಗಿ, ಕನ್ನಡದಲ್ಲಿ ಹೇಗೋ ಪಾಸಾಗಿ ಒಂಬತ್ತಕ್ಕೆ ಬಂದಿದ್ದಾಳೆ. ಅವಳ ತಂದೆ ಈಗ ಮುಂದಿನ ಮಾರ್ಚ್ ಎನ್ನುತ್ತಿದ್ದಾರೆ. ಹತ್ತನೆಯ ತರಗತಿಯ ಮಾತು ಎತ್ತಿದರೆ "ನೋಡೋಣ ಆಪಾ" ಎಂದು ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

ಅವಳ ತಂಗಿ ಈ ವರ್ಷ ಉರ್ದು ಶಾಲೆಯಲ್ಲಿ ಏಳನೆಯ ತರಗತಿ. ಮೊನ್ನೆ ತಾಯಿ ಶಾಲೆಯ ಗೇಟಿನ ಬಳಿ ನಿಂತು, ದೊಡ್ಡವಳ ಮೂರು ಸಾಲಿನ ನೋಟ್‌ಬುಕ್ಕನ್ನು ಚಿಕ್ಕವಳಿಗೆ ಈಗಲೇ ಕೊಡಬಹುದೇ ಎಂದು ಕೇಳಿದರು. ಅದರ ರಟ್ಟು ಕಿತ್ತುಹೋಗಿತ್ತು. ರವಿಕೆಯ ಚೂರು ಬಟ್ಟೆಯಿಂದ ಹೊಸ ಹೊದಿಕೆ ಹೊಲಿದು ತಂದಿದ್ದರು.